ಮರಿಗಳ ಪುಟ

ನನ್ನ ತಂಗಿ ಮಂಜುಳಾ ಬರೆದ ನಲವತ್ತು ಪುಟಗಳಲ್ಲಿ ಒಂದು ಸಾಲು ಸುಳ್ಳು. ಆ ಸುಳ್ಳು ನನ್ನದು. ಅವಳಿಗೆ ನಾನೇ ಹೇಳಿ ಬರೆಸಿದೆ — ಗೊತ್ತಿದ್ದೇ ಹೇಳಿದೆ. ಆ ಸಾಲಿನಿಂದ ಉಡುತಡಿಯ ಕೆಂಚಮ್ಮನ ಒಂಬತ್ತು ಕುರಿಮರಿಗಳು ಸತ್ತವು. ತಂಗಿಯ ಕೆಲಸ ಹೋಯಿತು. ನನ್ನ ಕೆಲಸ ಉಳಿಯಿತು. ಇಷ್ಟನ್ನು ಮೊದಲೇ ಬರೆದು ಇಡುತ್ತೇನೆ. ಮುಂದೆ ಎಲ್ಲಾದರೂ ಜಾರಿಕೊಳ್ಳುವ ಮನಸ್ಸು ಬಂದರೆ ದಾರಿ ಇರಬಾರದು.

ನನ್ನ ಹೆಸರು ಹಾಲೇಶ. ಶಿಕಾರಿಪುರದಲ್ಲಿ ಕುರಿ ಸಾಕುವವರದೊಂದು ಸಂಘವಿದೆ, ಅದರ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಓದಿದ್ದು ಏಳನೇ ತರಗತಿ. ನನ್ನನ್ನು ಶಾಲೆ ಬಿಡಿಸಿದವರು ಯಾರೂ ಇಲ್ಲ. ಕುರಿಗಳ ಹಿಂದೆ ಹೋಗುವುದು ಇಷ್ಟವಿತ್ತು, ಬಿಟ್ಟೆ. ಸಂಘಕ್ಕೆ ಸೇರಿದ್ದು ಲಸಿಕೆಯ ಐಸ್ ಪೆಟ್ಟಿಗೆ ಹೊರುವುದಕ್ಕೆ. ಆಗ ಕಂಪ್ಯೂಟರ್ ಮುಂದೆ ಕೂರುತ್ತಿದ್ದವರು ಕೆಲಸ ಬಿಟ್ಟು ಹೋದರು, ಬೇರೆ ಯಾರೂ ಸಿಗಲಿಲ್ಲ. ಅವರು ಮಾಡುವುದನ್ನು ಬೆನ್ನ ಹಿಂದೆ ನಿಂತು ನೋಡುತ್ತಿದ್ದೆನಲ್ಲ — ಹೋಗಿ ಕೂತೆ. ಹದಿನೈದು ವರ್ಷವಾಯಿತು, ಇನ್ನೂ ಎದ್ದಿಲ್ಲ.

ಅಲ್ಲಿರುವುದು ಹಳೆಯ ಕಾಲದ ಪ್ರೋಗ್ರಾಮು. ಬೂದು ಬಣ್ಣ, ಸಣ್ಣ ಸಣ್ಣ ಖಾನೆಗಳು. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ತಯಾರು ಮಾಡಿದವರು ಯಾರೋ, ಈಗ ಎಲ್ಲಿದ್ದಾರೋ. ತೆರೆದಾಗಲೆಲ್ಲ ಪ್ರಿಂಟರ್ ಇಲ್ಲ ಎಂದು ಹೇಳುತ್ತದೆ, ಪ್ರಿಂಟರ್ ಪಕ್ಕದಲ್ಲೇ ಇರುತ್ತದೆ. ಎಂಟರ್ ಒತ್ತಿದರೆ ಸುಮ್ಮನಾಗುತ್ತದೆ. ಸೇವ್ ಮಾಡಿದ ಮೇಲೆ ಸ್ವಲ್ಪ ಕಾಯಬೇಕು, ಕಾಯದಿದ್ದರೆ ಹಾಕಿದ ಅಂಕಿಗಳು ಹೋಗುತ್ತವೆ. ಇಂಥ ಚೇಷ್ಟೆಗಳೆಲ್ಲ ನನ್ನ ಕೈಗೆ ರೂಢಿ.

ಒಂದು ಪುಟ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಕುಟುಂಬದ ಹೆಸರಿನ ಮೇಲೆ ನಿಂತು ಎಫ್ ಸೆವೆನ್ ಒತ್ತಿದರೆ ಅದು ತೆರೆಯುತ್ತದೆ. ಮರಿಗಳ ಪುಟ. ಪರದೆಯ ಮೇಲೆ ಅದಕ್ಕೊಂದು ಗುರುತಿಲ್ಲ, ಹೆಸರಿಲ್ಲ. ಹಿಂದಿನವರು ತೋರಿಸಿದ್ದರಿಂದ ನನಗೆ ಗೊತ್ತು.

ಆ ಪುಟದ ಸಂಗತಿ ತಿಳಿಯಬೇಕಾದರೆ ನಮ್ಮ ಒಂದು ಪದ್ಧತಿ ಹೇಳಬೇಕು. ನಮ್ಮವರು ಗೂಡಿನಲ್ಲಿ ಕೂಡಿಹಾಕಿ ಸಾಕುವ ಮರಿಗಳನ್ನು ಎಣಿಸಿ ಹೇಳುವುದಿಲ್ಲ. ಚಳಿಗಾಲದಲ್ಲಿ ಹುಟ್ಟಿದ ಮರಿ ಮಂದೆಯ ಜೊತೆ ಹೊರಗೆ ಮೇಯಲು ಹೋಗುವವರೆಗೆ ಯಾರ ಬಾಯಲ್ಲೂ ಅದರ ಲೆಕ್ಕವಿಲ್ಲ. ಅಂಕಿ ಹೇಳಿದರೆ ದೃಷ್ಟಿಯಾಗುತ್ತದೆ ಎಂದು. ಕೇಳಿದರೆ "ಅದಾವೆ ಒಂದೀಟು" ಎನ್ನುತ್ತಾರೆ, ನಮ್ಮ ಅವ್ವನೂ ಹಾಗೇ ಎನ್ನುತ್ತಿದ್ದಳು. ಆದರೆ ಕರುಳುಬೇನೆಯ ಲಸಿಕೆ ಇಷ್ಟು ಬೇಕು ಎಂದು ಸಂಘ ಬೇಡಿಕೆ ಕಳಿಸುವುದು ಶಿವರಾತ್ರಿಯ ಹೊತ್ತಿಗೆ. ಲಸಿಕೆ ಬರುವುದು ಬೇಸಿಗೆಯ ಕೊನೆಗೆ. ಅಷ್ಟರಲ್ಲಿ ಗೂಡಿನ ಮರಿಗಳಿಗೆ ಮೂರು ತಿಂಗಳು ತುಂಬಿ ಚುಚ್ಚಿಸುವ ವಯಸ್ಸಾಗಿರುತ್ತದೆ. ಶಿವರಾತ್ರಿಗೆ ಲೆಕ್ಕ ಹಿಡಿಯದಿದ್ದರೆ ಬೇಸಿಗೆಗೆ ಅವುಗಳ ಪಾಲಿನ ಲಸಿಕೆ ಇರುವುದಿಲ್ಲ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು ಹೊಟ್ಟೆ ತುಂಬ ಮೇಯ್ದು, ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಇರುವುದಿಲ್ಲ. ಈ ಬೇನೆಯಲ್ಲಿ ಹೋಗುವುದು ಬಡಕಲು ಮರಿಗಳಿಗಿಂತ ಮೈತುಂಬಿದ ಮರಿಗಳೇ ಹೆಚ್ಚು.

ಹಾಗಾಗಿ ನಾನು ಮರಿ ಎಷ್ಟು ಎಂದು ಕೇಳುವುದಿಲ್ಲ. ಸೊಪ್ಪು ಎಷ್ಟು ಎಂದು ಕೇಳುತ್ತೇನೆ. ಗೂಡಿನಲ್ಲಿ ಮರಿಗಳ ಬಾಯಿಗೆ ಎಟುಕುವಂತೆ ಸೊಪ್ಪಿನ ಕಟ್ಟುಗಳನ್ನು ತೂಗುಹಾಕುತ್ತಾರೆ. ಐದು ಮರಿಗೆ ಒಂದು ಕಟ್ಟು, ಇದು ನಮ್ಮ ಸುತ್ತಿನ ವಾಡಿಕೆ. ಶಿವರಾತ್ರಿಗೆ ಮೊದಲು ಒಂದು ವಾರ ಕೂತು ಎಲ್ಲ ಮನೆಗಳಿಗೂ ಫೋನ್ ಮಾಡುತ್ತಿದ್ದೆ. ಉಡುತಡಿಯ ಕೆಂಚಮ್ಮನಿಗೆ ಮಾಡಿದರೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಹೀಗೆ ನಡೆಯುತ್ತಿತ್ತು:

"ಕೆಂಚಕ್ಕ, ಈ ಸಲ ಎಷ್ಟು ಕಟ್ಟು ತೂಗಾಕ್ತಿದೀರಿ?"

"ಯಾಕಪ್ಪಾ, ಸಂಘದಾಗೆ ಸೊಪ್ಪಿನ ವ್ಯಾಪಾರ ಶುರು ಮಾಡೀರೇನು?"

"ಹೇಳ್ರಿ ಅಂದ್ರೆ."

"ನಾಕು. ಮೇಲೊಂದು ಅರ್ಧ ಕಟ್ಟು. ಅದನ್ನ ನಮ್ಮತ್ತೆ ತಿಂತಾಳೆ ಅಂತ ಬರ್ಕ."

ನಾನು ಇಪ್ಪತ್ತೆರಡು ಎಂದು ಹಾಕುತ್ತಿದ್ದೆ. ಬೇಸಿಗೆಯಲ್ಲಿ ಚುಚ್ಚುವ ದಿನ ನೋಡಿದರೆ ಇಪ್ಪತ್ತೆರಡೇ ಇರುತ್ತಿದ್ದವು, ಹೆಚ್ಚೆಂದರೆ ಒಂದು ಆಚೀಚೆ. ಈ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ಎಲ್ಲೂ ಬರೆದಿರಲೂ ಇಲ್ಲ. ಆ ಫೋನುಗಳ ಬಗ್ಗೆ ಕಚೇರಿಯಲ್ಲಿ ಯಾರೂ ಯೋಚಿಸುತ್ತಿರಲಿಲ್ಲ. ಹಾಲೇಶಿ ಹರಟೆ ಹೊಡೆಯುತ್ತಾನೆ ಎಂದುಕೊಂಡಿದ್ದರು.

ಮೂರು ವರ್ಷದ ಹಿಂದೆ ದೀಪಾವಳಿ ಕಳೆದ ಮೇಲೆ ನಮ್ಮ ಅಧ್ಯಕ್ಷರು ಬಂದು ಹೇಳಿದರು, "ಏಜೆಂಟ್ ಬರ್ತೈತಂತೆ ಹಾಲೇಶಿ. ಕಂಪ್ಯೂಟರಿನ ಒಳಗೇ ಕೂತು ಕಂಪ್ಯೂಟರ್ ನಡೆಸ್ತೈತಂತೆ."

"ಯಾವ ಏಜೆಂಟ್ರಿ? ಬಸ್‌ಸ್ಟ್ಯಾಂಡಿನಾಗೆ ಸೊರಬ ಸೊರಬ ಅಂತ ಕೂಗ್ತಾರಲ್ಲ, ಅಂಥೋರಾ?" ಎಂದೆ. ಅವರೂ ನಕ್ಕರು.

ಶಿವಮೊಗ್ಗದಿಂದ ಒಂದು ಸಣ್ಣ ಕಂಪನಿಯ ಮೇಡಂ ಬಂದರು. ಮನುಷ್ಯರ ಹಾಗೆ ಓದಿ ಯೋಚಿಸುವ ಒಂದು ಯಂತ್ರಬುದ್ಧಿ ಇದೆ, ಅದಕ್ಕೆ ಕೆಲವು ಸಾಧನಗಳನ್ನು ಕೊಡುತ್ತೇವೆ ಎಂದು ವಿವರಿಸಿದರು. ಪರದೆಯ ಚಿತ್ರ ತೆಗೆದು ನೋಡುವುದು ಒಂದು ಸಾಧನ. ಬಾಣದ ಗುರುತನ್ನು ಸರಿಸಿ ಕ್ಲಿಕ್ ಮಾಡುವುದು ಇನ್ನೊಂದು. ಅಕ್ಷರ ಹಾಕುವುದು, ಕೀ ಒತ್ತುವುದು, ಕಾಯುವುದು — ಹೀಗೆ ಒಂದೊಂದು. ನಾನು ಬೆರಳಲ್ಲಿ ಮಾಡುವುದನ್ನು ಅದು ಇವುಗಳಿಂದ ಮಾಡುತ್ತದೆ. ಆದರೆ ಪ್ರತಿ ಸಾಧನಕ್ಕೂ ಒಂದು ವಿವರಣೆ ಬರೆದುಕೊಡಬೇಕು: ಅದು ಏನು ಮಾಡುತ್ತದೆ, ನಮ್ಮ ಪ್ರೋಗ್ರಾಮಿನಲ್ಲಿ ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಳಸಿದ ಮೇಲೆ ಪರದೆಯ ಮೇಲೆ ಏನು ಕಾಣಬೇಕು.

"ಅದಕ್ಕೆ ಕನ್ನಡ ಚೆನ್ನಾಗಿ ಬರುತ್ತೆ," ಎಂದರು ಮೇಡಂ. "ಆದರೆ ನಿಮ್ಮ ಪ್ರೋಗ್ರಾಮು ಗೊತ್ತಿಲ್ಲ, ಕುರಿ ಗೊತ್ತಿಲ್ಲ. ನೀವು ಬರೆದುಕೊಟ್ಟಷ್ಟೇ ಅದಕ್ಕೆ ಗೊತ್ತಾಗೋದು."

ಹಾಗೆಲ್ಲ ವಿವರಿಸಿ ಬರೆಯಲು ನನಗೆ ಬರುವುದಿಲ್ಲ. ತಂಗಿಯ ಹೆಸರು ಹೇಳಿದವನು ನಾನೇ.

ಮಂಜುಳಾ ಬಿ.ಎ. ಓದಿದವಳು. ಮದುವೆಯಾಗಿ ಕುಪ್ಪಗಡ್ಡೆಗೆ ಹೋಗಿ ಹತ್ತು ವರ್ಷ. ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು, ಕೇರಿಯವರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಅವಳು ಬರೆದದ್ದಕ್ಕೆ ಕೆಲಸ ಎಂಬ ಹೆಸರು ಬಂದದ್ದು ಅದೇ ಮೊದಲು. ಹನ್ನೊಂದು ದಿನ ಬಂದಳು. ಬೆಳಗಿನ ಬಸ್ಸಿಗೆ ಹೊರಟು, ಸೊರಬದಲ್ಲಿ ಬಸ್ಸು ಬದಲಿಸಿ, ಕೈಯಲ್ಲಿ ಬುತ್ತಿ, ಒಂದು ದಪ್ಪ ನೋಟ್‌ಬುಕ್. ನಾನು ಯಾರ ಬೆನ್ನ ಹಿಂದೆಯೋ ನಿಂತು ಕಲಿತಿದ್ದೆ. ಅವಳು ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಳು.

"ಅಣ್ಣ, ಈಗ ಯಾಕೆ ಸುಮ್ನೆ ಕೂತೆ?"

"ಸುಮ್ನೆ ಕೂತಿಲ್ಲ, ಕಾಯ್ತಿದೀನಿ."

"ಎಷ್ಟೊತ್ತು ಕಾಯ್ಬೇಕು?"

"ಮೂರು ಉಸಿರು."

"ಅದಕ್ಕೆ ಉಸಿರು ಎಲ್ಲಿಂದ ತರ್ಲಿ ಮಾರಾಯ?"

ಮತ್ತೆ ಮತ್ತೆ ಸೇವ್ ಮಾಡಿಸಿ ನೋಡಿದಳು. ಪರದೆಯ ಕೆಳಗಿನ ಅಂಚಿನಲ್ಲಿ ಒಂದು ಸಣ್ಣ ಹಸಿರು ಪಟ್ಟಿ ಓಡುತ್ತದೆ, ಅದು ಮುಗಿಯುವುದಕ್ಕೂ ನನ್ನ ಮೂರು ಉಸಿರಿಗೂ ಸರಿಯಾಗುತ್ತದೆ ಎಂದು ಕಂಡುಹಿಡಿದಳು. ನಾನು ಹನ್ನೆರಡು ವರ್ಷ ಕಾದಿದ್ದೆ, ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ನೋಡಿರಲಿಲ್ಲ. ಅವಳು ಬರೆದಳು: "ಕಾಯುವ ಸಾಧನ. ಹೊತ್ತು ಎಣಿಸಿ ಕಾಯಬೇಡ. ಕೆಳಗಿನ ಹಸಿರು ಪಟ್ಟಿ ಪೂರ್ತಿ ಮರೆಯಾಗುವವರೆಗೆ ಕಾಯಿ. ಪಟ್ಟಿ ಇನ್ನೂ ಕಾಣುತ್ತಿದ್ದರೆ ಬೇರೆ ಯಾವುದನ್ನೂ ಮುಟ್ಟಬೇಡ."

ಅವಳ ಕೆಲಸದ ರೀತಿಯೇ ಹಾಗೆ. ನಾನು ಹೇಳಿದ್ದನ್ನು ಬರೆಯುತ್ತಿರಲಿಲ್ಲ, ಮಾಡಿ ತೋರಿಸಿದ್ದನ್ನು ಬರೆಯುತ್ತಿದ್ದಳು. ಬರೆದ ಮೇಲೆ ಪಕ್ಕದ ಜೆರಾಕ್ಸ್ ಅಂಗಡಿಯ ಹೆಂಗಸನ್ನು ಕರೆದು ಕೂರಿಸಿ, "ಇದರಾಗೆ ಬರ್ದಷ್ಟೇ ಮಾಡ್ರಿ, ನಿಮ್ಮ ಬುದ್ಧಿ ಒಂಚೂರೂ ಹಾಕ್ಬ್ಯಾಡ್ರಿ" ಎನ್ನುತ್ತಿದ್ದಳು. ಆಕೆ ಎಲ್ಲಿ ತಡವರಿಸುತ್ತಾಳೋ ಆ ಸಾಲನ್ನು ತಿದ್ದುತ್ತಿದ್ದಳು. ಮೇಡಂ ಅದನ್ನು ನೋಡಿ, ಸೊರಬದ ಕಡೆಯ ಇನ್ನೊಂದು ಸಂಘದ ಕೆಲಸವೂ ಇದೆ, ಅದನ್ನೂ ನೀವೇ ಬರೆಯಿರಿ ಎಂದರು. ಅವತ್ತು ಅವಳು ಬುತ್ತಿ ಬಿಚ್ಚಿದವಳು ಉಣ್ಣುವುದನ್ನು ಮರೆತು ಮಾತಾಡಿದಳು.

ಎಂಟನೇ ದಿನಕ್ಕೆ ಮೂವತ್ತೆಂಟು ಪುಟ ಆಗಿತ್ತು. ಅಧ್ಯಕ್ಷರು ನೋಟ್‌ಬುಕ್ ತಿರುವಿ ಹಾಕಿ, "ಎಲ್ಲಾ ಬಂತಲ್ಲವ್ವ ಇದ್ರಾಗೆ! ಇನ್ನೇನು ಹಾಲೇಶಿ, ನೀನು ಮತ್ತೆ ಐಸ್ ಪೆಟ್ಟಿಗೆ ಹೊರು" ಎಂದರು. ತಮಾಷೆಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಒಂಬತ್ತನೇ ದಿನ ಮಧ್ಯಾಹ್ನ ಮಂಜುಳಾ ಪರದೆಯ ಕಡೆ ಬೆರಳು ತೋರಿಸಿ ಕೇಳಿದಳು, "ಅಣ್ಣ, ಇಲ್ಲಿ ದೊಡ್ಡ ಕುರಿ ಅಷ್ಟೇ ಐತಲ್ಲ. ಮರಿ ಎಲ್ಲಿ ಹಾಕ್ತೀಯ?"

ನನ್ನ ಬೆರಳು ಆಗ ಎಫ್ ಸೆವೆನ್ ಮೇಲೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಬೆರಳು ತೆಗೆದೆ.

"ಮರೀನ ನಾವು ಹಾಕಲ್ಲ. ದೊಡ್ಡವು ಎಷ್ಟು ಅಂತ ಹಾಕಿದ್ರೆ ಪ್ರೋಗ್ರಾಮೇ ಲೆಕ್ಕ ಹಾಕ್ಕಂತದೆ."

"ಹೌದಾ?"

"ಹೂಂ. ಅಷ್ಟೇ."

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಬರೆದಳು: "ಮರಿಗಳ ಸಂಖ್ಯೆಯನ್ನು ಬೇರೆಯಾಗಿ ಹಾಕಬೇಕಾಗಿಲ್ಲ. ಪ್ರೋಗ್ರಾಮೇ ಲೆಕ್ಕ ಹಾಕಿಕೊಳ್ಳುತ್ತದೆ." ನಲವತ್ತು ಪುಟಗಳಲ್ಲಿ ಅವಳು ಕಣ್ಣಿನಿಂದ ನೋಡದೆ ಬರೆದದ್ದು ಅದೊಂದೇ. ಅಣ್ಣ ಹೇಳಿದ ಎಂದು ಬರೆದಳು.

ಯಾಕೆ ಹಾಗೆ ಹೇಳಿದೆ — ಹೆದರಿಕೆ ಎನ್ನಬಹುದು. ಹೊಟ್ಟೆಕಿಚ್ಚು ಎಂದರೂ ಸುಳ್ಳಲ್ಲ. ಎಲ್ಲ ಕೊಟ್ಟುಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ, ಒಂದಾದರೂ ಇರಲಿ ಎಂದುಕೊಂಡೆ. ಬೇಡಿಕೆ ಕಳಿಸುವ ಹೊತ್ತಿಗೆ ಎಲ್ಲರೂ ತಡವರಿಸುತ್ತಾರೆ, ಆಗ ನಾನು ಎದ್ದು ಸರಿಮಾಡಿದರೆ ಹಾಲೇಶಿ ಇಲ್ಲದೆ ಆಗುವುದಿಲ್ಲ ಎಂದು ತಿಳಿಯುತ್ತದೆ... ಹೀಗೆಲ್ಲ. ಕಾರಣ ಹೇಳುತ್ತಿದ್ದೇನೆ ಅಷ್ಟೇ, ಇದರಿಂದ ತಪ್ಪು ಚಿಕ್ಕದಾಗುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಏಜೆಂಟ್ ಕೆಲಸ ಶುರು ಮಾಡಿತು. ನಾನು ಕೈಕಟ್ಟಿ ಕೂತು ನೋಡುತ್ತಿದ್ದೆ. ಬಾಣದ ಗುರುತು ತಾನಾಗಿ ಓಡುತ್ತಿತ್ತು. ಪ್ರಿಂಟರ್ ಇಲ್ಲ ಎಂಬ ಮಾತಿಗೆ ಅದು ಬೆದರಲಿಲ್ಲ, ಎಂಟರ್ ಒತ್ತಿತು. ಹಸಿರು ಪಟ್ಟಿ ಮುಗಿಯುವವರೆಗೆ ತಾಳ್ಮೆಯಿಂದ ಕಾಯಿತು. ತಂಗಿ ಬರೆದದ್ದನ್ನು ಒಂದಕ್ಷರ ಬಿಡದೆ ಪಾಲಿಸಿತು. ಆ ವರ್ಷ ನಾನು ಯಾರಿಗೂ ಫೋನ್ ಮಾಡಲಿಲ್ಲ. ಸಂತೆಯಲ್ಲಿ ಸಿಕ್ಕ ಕೆಂಚಮ್ಮನೇ ಕೇಳಿದಳು:

"ಯಾಕಪ್ಪಾ, ಈ ಸಲ ಸೊಪ್ಪು ಕೇಳ್ಲೇ ಇಲ್ಲ?"

"ಈ ಸಲ ಎಲ್ಲಾ ಮಿಷನ್ನೇ ಮಾಡ್ತೈತೆ ಕೆಂಚಕ್ಕ."

"ಅದಕ್ಕೆ ಸೊಪ್ಪು ಗೊತ್ತೈತಾ?"

ನಾನು ಏನೋ ಹೇಳಿ ನಕ್ಕು ಮುಂದೆ ಹೋದೆ.

ಬೇಡಿಕೆ ಕಳಿಸುವ ದಿನ ಏಜೆಂಟ್ ನಿಂತಿತು. ಪರದೆಯ ಒಂದು ಬದಿಯಲ್ಲಿ ಅದು ಬರೆದ ಮಾತುಗಳು ಬರುತ್ತವೆ. ಅವತ್ತು ಹೀಗೆ ಬಂತು: "ಬೇಡಿಕೆಯ ಪಟ್ಟಿಯಲ್ಲಿ ಎಲ್ಲ ಕುಟುಂಬಗಳಿಗೂ ಮರಿಗಳ ಖಾನೆಯಲ್ಲಿ ಸೊನ್ನೆ ಇದೆ. ಪ್ರೋಗ್ರಾಮೇ ಲೆಕ್ಕ ಹಾಕುತ್ತದೆ ಎಂದು ವಿವರಣೆಯಲ್ಲಿದೆ, ಆದರೆ ಹಾಗೆ ಆಗಿರುವಂತೆ ಕಾಣುತ್ತಿಲ್ಲ. ಹೀಗೆಯೇ ಕಳಿಸಬಹುದೇ?" ಕೆಳಗೆ ಎರಡು ಗುಂಡಿ. ಸರಿ. ಬೇಡ.

ಅದು ಕೇಳಿದ್ದು ನನ್ನನ್ನೇ. ತಂಗಿ ತನ್ನ ವಿವರಣೆಯ ಕೊನೆಯ ಪುಟದಲ್ಲಿ ಬರೆದಿದ್ದಳು: "ಅನುಮಾನ ಬಂದರೆ ಹಾಲೇಶನನ್ನು ಕೇಳು. ಅವನಿಗೆ ಗೊತ್ತಿರುತ್ತದೆ."

ನಾನು ಎದ್ದು ಸರಿಮಾಡುತ್ತೇನೆ ಎಂದುಕೊಂಡಿದ್ದ ಗಳಿಗೆ ಅದೇ. ಆದರೆ ಕಚೇರಿಯಲ್ಲಿ ಯಾರೂ ತಡವರಿಸುತ್ತಿರಲಿಲ್ಲ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. 'ಬೇಡ' ಎಂದು ಒತ್ತಿದರೆ ಮುಂದಿನ ಪ್ರಶ್ನೆ ಬರುತ್ತದೆ — ಹಾಗಾದರೆ ತಂಗಿಗೆ ಯಾಕೆ ಹಾಗೆ ಹೇಳಿದೆ? ನಾನು 'ಸರಿ' ಒತ್ತಿದೆ. ಅದು ಇನ್ನೊಮ್ಮೆ ಕೇಳಲಿಲ್ಲ. ಅಧ್ಯಕ್ಷರು ಕಾಗದದ ಕೊನೆಯ ಮೊತ್ತ ನೋಡಿ ಸಹಿ ಹಾಕಿದರು.

ಬೇಸಿಗೆಯ ಕೊನೆಗೆ ಲಸಿಕೆ ಬಂತು, ಕೇಳಿದಷ್ಟೇ ಬಂತು. ತಾಳಗುಂದದ ಕಡೆಯಿಂದ ಚುಚ್ಚುತ್ತಾ ಬಂದರು. ಅಲ್ಲಿ ದೊಡ್ಡ ಕುರಿಗಳ ಜೊತೆ ಮರಿಗಳನ್ನೂ ಹಿಡಿದು ತಂದರು, ಅವಕ್ಕೂ ಚುಚ್ಚಿದರು. ಉಡುತಡಿಗೆ ಬರುವ ಹೊತ್ತಿಗೆ ಉಳಿದದ್ದು ದೊಡ್ಡವಕ್ಕೇ ಸಾಲುವಷ್ಟಿರಲಿಲ್ಲ, ಮರಿಗಳಿಗಂತೂ ಇಲ್ಲವೇ ಇಲ್ಲ. ಮತ್ತೆ ತರಿಸಲು ಮೂರು ವಾರ ಬೇಕು ಎಂದರು. ಹತ್ತು ದಿನಕ್ಕೆ ಮಳೆ ಬಂತು.

ನಾನು ಹೋದಾಗ ಕೆಂಚಮ್ಮ ಸತ್ತ ಮರಿಗಳನ್ನು ಬೇಲಿಯ ಪಕ್ಕ ಸಾಲಾಗಿ ಮಲಗಿಸಿ ಹಳೆಯ ಕಂಬಳಿ ಹೊದಿಸಿದ್ದಳು. ಮೂರು ದಿನದಲ್ಲಿ ಒಂಬತ್ತು. ಆ ಊರಿನ ಬೇರೆ ಮನೆಗಳಲ್ಲೂ ಒಂದೆರಡು ಹೋಗಿದ್ದವು. ಗೂಡಿನಲ್ಲಿ ಎರಡು ಸೊಪ್ಪಿನ ಕಟ್ಟುಗಳು ತಿನ್ನುವವರಿಲ್ಲದೆ ಒಣಗಿದ್ದವು. ಅವಳು ಬೈಯಲಿಲ್ಲ. "ನಾಕೂವರೆ ಕಟ್ಟು ಅಂತ ನಾನಾರ ಫೋನ್ ಮಾಡಿ ಹೇಳ್ಬೇಕಿತ್ತು," ಎಂದಳು. "ನೀನು ಕೇಳ್ತೀಯ ಅಂತ ಸುಮ್ನಿದ್ದೆ."

ಸಂಘದ ಸಭೆ ಕರೆದರು. ಮಂಜುಳಾಳನ್ನೂ ಕರೆಸಿದರು. ಅಧ್ಯಕ್ಷರು ಅವಳ ಪುಟಗಳನ್ನು ಹಿಡಿದು ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಕುರಿ ಹಟ್ಟಿಯಾಗೆ ಹುಟ್ಟಿದೋಳು ಬರ್ದಿದ್ದು ನೋಡ್ರಿ ಇದು. ಪ್ರೋಗ್ರಾಮೇ ಮರಿ ಲೆಕ್ಕ ಹಾಕ್ತೈತಂತೆ. ಯಾಕವ್ವ, ಪ್ರೋಗ್ರಾಮು ಈಯ್ತೈತೇನು?"

ಹಿಂದೆ ಯಾರೋ ನಕ್ಕರು. ಕೆಂಚಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಅವಳು ನಗಲಿಲ್ಲ.

ಅಧ್ಯಕ್ಷರು ನನ್ನ ಕಡೆ ತಿರುಗಿ, "ಹಿಂದೆಲ್ಲ ನೀನೇ ಹಾಕ್ತಿದ್ದಿ ಅಲ್ವೇನೋ ಮರೀನ? ಇವಳಿಗೆ ಹೇಳ್ಲಿಲ್ಲಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಂಜುಳಾ ಎದ್ದು ನಿಂತಳು. "ಅಣ್ಣಂಗೆ ಕೈಯಾಗೆ ಗೊತ್ತಿರ್ತೈತೆ ಸರ್, ಬಾಯಲ್ಲಿ ಹೇಳಕ್ಕೆ ಬರಲ್ಲ. ಅವನು ಓದಿದೋನಲ್ಲ. ನೋಡಿ ಬರ್ಕಳಾದು ನನ್ನ ಕೆಲ್ಸ. ನಾನು ನೋಡ್ಲಿಲ್ಲ. ತಪ್ಪು ನಂದೇ."

ಹಸಿರು ಪಟ್ಟಿಯ ವಿಷಯದಲ್ಲಿ ನಾನು ಹಾಗೇ ಇದ್ದೆನಲ್ಲ — ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಮರಿಗಳ ಪುಟವೂ ಹಾಗೇ ಎಂದು ಅವಳು ನಿಜವಾಗಿ ನಂಬಿದ್ದಳು. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು. ನಾನು ನನ್ನ ಏಳನೇ ತರಗತಿಯನ್ನು ಕಂಬಳಿಯ ಹಾಗೆ ಹೊದ್ದುಕೊಂಡು ತಲೆ ತಗ್ಗಿಸಿ ಕೂತೆ. ಆಮೇಲೆ ಎದ್ದು ಹೋಗಿ ಎಫ್ ಸೆವೆನ್ ಒತ್ತಿ ತೋರಿಸಿದೆ. ಮುಂದಿನ ವರ್ಷದಿಂದ ಮರಿಗಳ ಲೆಕ್ಕ ಹಾಲೇಶಿಯದೇ, ಉಳಿದದ್ದು ಮಿಷನ್ನಿನದು ಎಂದು ತೀರ್ಮಾನವಾಯಿತು. "ನೀನಿಲ್ದೆ ಆಗಲ್ಲಪ್ಪ," ಎಂದರು ಅಧ್ಯಕ್ಷರು. ನಾನು ಯಾವ ಮಾತು ಕೇಳಲು ಇಷ್ಟೆಲ್ಲ ಮಾಡಿದೆನೋ ಆ ಮಾತು.

ಬಸ್‌ಸ್ಟ್ಯಾಂಡಿಗೆ ಅವಳನ್ನು ಬಿಡಲು ಹೋದೆ. ಸೊರಬದ ಬಸ್ಸು ಇನ್ನೂ ಬಂದಿರಲಿಲ್ಲ.

"ಮರ್ತೋಗಿತ್ತಾ ಅಣ್ಣ ನಿಂಗೆ?" ಎಂದಳು.

"ಹೂಂ," ಎಂದೆ.

"ಹೋಗ್ಲಿ ಬಿಡು. ನಾನೇ ಎರಡ್ಸಲ ಕೇಳ್ಬೇಕಿತ್ತು."

ಸೊರಬದ ಕಡೆಯ ಸಂಘದ ಕೆಲಸ ಅವಳಿಗೆ ಬರಲಿಲ್ಲ. ಯಾರೂ ಬೇಡ ಎಂದು ಹೇಳಲಿಲ್ಲ, ಫೋನ್ ಬರುವುದು ನಿಂತಿತು. ಕೆಲವು ತಿಂಗಳ ಮೇಲೆ ಭಾವ ಸಿಕ್ಕಾಗ, ಅವಳು ಕೇರಿಯವರಿಗೆ ಅರ್ಜಿ ಬರೆದುಕೊಡುವುದನ್ನೂ ಬಿಟ್ಟಿದ್ದಾಳೆ ಎಂದರು. ಯಾರಾದರೂ ಕಾಗದ ತಂದರೆ, ತಪ್ಪಾದರೆ ಯಾರು ಹೊಣೆ ಎನ್ನುತ್ತಾಳಂತೆ.

ಎರಡು ಮುಂಗಾರು ಹೀಗೇ ಕಳೆದವು. ನಾನು ಮತ್ತೆ ಸೊಪ್ಪು ಕೇಳುತ್ತಿದ್ದೆ, ಎಫ್ ಸೆವೆನ್ ಒತ್ತುತ್ತಿದ್ದೆ. ಕೆಂಚಮ್ಮ ಈಗ ತಮಾಷೆ ಮಾಡುವುದಿಲ್ಲ. "ಮೂರು" ಎಂದು ಹೇಳಿ ಫೋನ್ ಇಡುತ್ತಾಳೆ.

ಈ ಚಳಿಗಾಲದಲ್ಲಿ ಶಿವಮೊಗ್ಗದ ಮೇಡಂ ಮತ್ತೆ ಬಂದರು. ಹಳೆಯ ವಿವರಣೆಗಳನ್ನು ಹೊಸದಾಗಿ ಬರೆಯಬೇಕು, ಮರಿಗಳ ಪುಟವನ್ನೂ ಸೇರಿಸಬೇಕು, ನೀವು ಬಾಯಲ್ಲಿ ಹೇಳಿ ನಾನು ಬರೆದುಕೊಳ್ಳುತ್ತೇನೆ ಎಂದರು. ಏಜೆಂಟ್ ಹಿಂದೆ ಎಲ್ಲೆಲ್ಲಿ ಅನುಮಾನಪಟ್ಟು ನಿಂತಿತ್ತು ಎಂದು ನೋಡಲು ಅದರ ದಾಖಲೆ ತೆರೆದರು. ಅದು ಕೇಳಿದ ಪ್ರತಿ ಪ್ರಶ್ನೆ, ಅದಕ್ಕೆ ಕೊಟ್ಟ ಪ್ರತಿ ಉತ್ತರ ಸಾಲಾಗಿ ಇತ್ತು. ಮೇಡಂ ಸರಸರನೆ ಸರಿಸುತ್ತಾ ಹೋದರು. ಆ ದಿನ ಬಂತು. "ಹೀಗೆಯೇ ಕಳಿಸಬಹುದೇ?" ಅದರ ಕೆಳಗೆ: "ಹಾಲೇಶ: ಸರಿ."

ಮೇಡಂ ಅದನ್ನು ಗಮನಿಸಲಿಲ್ಲ, ಮುಂದೆ ಹೋದರು. ನನ್ನ ಕಣ್ಣು ಅಲ್ಲೇ ನಿಂತಿತು. ಮೂರು ವರ್ಷದ ಹತ್ತಿರ ಅದು ಅಲ್ಲೇ ಇತ್ತು, ಯಾರ ಮೇಲೂ ದೂರು ಹೇಳದೆ. ತಂಗಿ ಎರಡು ಸಲ ಕೇಳಬೇಕಿತ್ತು ಎಂದು ಕೊರಗಿದಳು — ಆ ಎರಡನೇ ಸಲ ಅವಳ ಬದಲು ಯಂತ್ರವೇ ಕೇಳಿತ್ತು. ಅದಕ್ಕೂ ನಾನು ಸುಳ್ಳು ಹೇಳಿದ್ದೆ.

ಆ ಭಾನುವಾರ ಕುಪ್ಪಗಡ್ಡೆಗೆ ಹೋದೆ. ಮಂಜುಳಾ ಜಗಲಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು.

"ಮಂಜೂ, ನಾನು ಮರ್ತಿರ್ಲಿಲ್ಲ," ಎಂದೆ.

"ಎಂತದು?"

"ಮರಿ ಪುಟ. ನೀನು ಕೇಳ್ದಾಗ ಗೊತ್ತಿತ್ತು. ಬೆರಳು ಅದ್ರ ಮೇಲೇ ಇತ್ತು. ಆಮೇಲೆ ಆ ಏಜೆಂಟೂ ಕೇಳ್ತು. ಅದಕ್ಕೂ ಸರಿ ಅಂತ ಒತ್ತಿದೆ."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟಳು. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ.

"ಕೆಂಚಕ್ಕಂಗೆ ಗೊತ್ತನಾ?"

"ಇಲ್ಲ."

"ಎರಡು ವರ್ಷ ಆತು ಅಣ್ಣ, ನನ್ನ ಕಣ್ಣನ್ನ ನಾನೇ ನಂಬಲ್ಲ. ಹುಕ್ಕು ಹಾಕಿದ್ರೂ ಎರಡೆರಡ್ಸಲ ಎಣಿಸ್ತೀನಿ."

ಅವಳ ಮಡಿಲಿನಲ್ಲಿದ್ದ ಬ್ಲೌಸಿನ ಹುಕ್ಕುಗಳನ್ನು ನೋಡುತ್ತಾ ನಿಂತೆ.

"ನಂಗೊಬ್ಳಿಗೆ ಹೇಳಿದ್ರೆ ಎಂತ ಆಗ್ತದೆ? ನನ್ನ ಸಾಲು ಓದಿದ್ದು ಸಭೇಲಿ," ಎಂದಳು. "ಬರಿ. ನೀನೇ ಬರಿ. ನಾನು ಬರ್ಕೊಡಲ್ಲ, ತಿದ್ದೋದೂ ಇಲ್ಲ."

ಎದ್ದು ಒಳಗೆ ಹೋದಳು. ಭಾವ ಚಹಾ ತಂದುಕೊಟ್ಟರು. ನಾನು ಹೊರಡುವಾಗ ಅವಳು ಹೊರಗೆ ಬರಲಿಲ್ಲ.

ಅದಕ್ಕೇ ಇದನ್ನು ಬರೆದೆ. ಆರು ದಿನ ಹಿಡಿಯಿತು. ಮುಂದಿನ ವಾರ ಸಂಘದ ಸಭೆಯಿದೆ. ಅವಳ ಸಾಲನ್ನು ಓದಿದ ಜಾಗದಲ್ಲಿಯೇ ನಿಂತು ಇದನ್ನು ಓದುತ್ತೇನೆ. ಆಮೇಲೆ ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಸಭೆಗೆ ಮೊದಲು, ನಾಳೆ ಬೆಳಿಗ್ಗೆ, ಉಡುತಡಿಗೆ ಹೋಗಬೇಕು. ಕೆಂಚಕ್ಕ ಇದನ್ನು ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಕೇಳಬಾರದು. ಅವಳ ಗೂಡಿನ ಮುಂದೆ ನಿಂತು ಹೇಳಬೇಕು. ಏನೆಂದು ಶುರುಮಾಡುವುದೋ ಗೊತ್ತಿಲ್ಲ.

ಮೇಡಂಗೆ ಮರಿಗಳ ಪುಟವನ್ನು ಪೂರ್ತಿ ಹೇಳಿ ಬರೆಸಿದ್ದೇನೆ. ಎಫ್ ಸೆವೆನ್, ಶಿವರಾತ್ರಿಯ ಹೊತ್ತಿನ ಗೂಡು, ಐದು ಮರಿಗೆ ಒಂದು ಕಟ್ಟು. ಮರಿ ಎಷ್ಟು ಎಂದು ಕೇಳಬೇಡ, ಸೊಪ್ಪು ಎಷ್ಟು ಎಂದು ಕೇಳು ಎಂಬುದನ್ನೂ ಬರೆಸಿದೆ. ನನ್ನ ಹತ್ತಿರ ಈಗ ಏನೂ ಉಳಿದಿಲ್ಲ. ಮಂಜುಳಾ ಬರೆದ ಆ ಸಾಲನ್ನು ಅಳಿಸುವುದು ಬೇಡ, ಹಾಗೇ ಇಟ್ಟು ಅದರ ಕೆಳಗೆ 'ಇದು ಹಾಲೇಶ ಹೇಳಿದ ಸುಳ್ಳು, ಬರೆದವರ ತಪ್ಪಲ್ಲ' ಎಂದು ಹಾಕಿ ಎಂದೆ.

ಕೊನೆಯ ಪುಟದಲ್ಲಿ ಅವಳ ಇನ್ನೊಂದು ಸಾಲು ಇತ್ತಲ್ಲ — ಅನುಮಾನ ಬಂದರೆ ಹಾಲೇಶನನ್ನು ಕೇಳು, ಅವನಿಗೆ ಗೊತ್ತಿರುತ್ತದೆ ಎಂದು. ಅದನ್ನೂ ಅಳಿಸಲಿಲ್ಲ. ಅದರ ಮುಂದೆ ಹೀಗೆ ಸೇರಿಸಲು ಹೇಳಿದೆ: "ಗೊತ್ತಿದ್ದೂ ಅವನು ಹಿಂದೆ ಸುಳ್ಳು ಹೇಳಿದ್ದಾನೆ. ಅವನು ಸರಿ ಎಂದ ಮೇಲೂ ಕುರಿ ಸಾಕುವವರನ್ನು ಒಮ್ಮೆ ಕೇಳು."

ಮೇಡಂ ಕೀಬೋರ್ಡಿನ ಮೇಲಿಂದ ಕೈ ತೆಗೆದರು.

"ಇದು ಬೇಕಾ ಹಾಲೇಶಣ್ಣ? ಅದು ಪ್ರತಿ ಸಲ ಕೆಲಸ ಶುರು ಮಾಡೋವಾಗಲೂ ಇದನ್ನ ಓದುತ್ತೆ."

"ಓದ್ಲಿ ಮೇಡಂ," ಎಂದೆ.